ಹೆರಾಲ್ಡ್ ಬಾಡಿಯನ್ನು ಚಾಸಿಯಿಂದ ಎತ್ತಲೇಬೇಕಾ? ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ

ಹೆರಾಲ್ಡ್66, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಎರಡು ಬಾಗಿಲಿನದು, 948 ಸಿ.ಸಿ. ಎಂಜಿನ್. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ನಿಂತಿತ್ತು. ಎಂಜಿನ್ ಈಗ ಚೆನ್ನಾಗಿ ಓಡುತ್ತದೆ. ಗೇರ್ ಬೀಳುತ್ತದೆ. ತೊಂದರೆ ಇರುವುದು ಕೆಳಗಡೆ.

ಬಾಡಿ ಕೂರುವ ಕೆಳಗಿನ ಕಬ್ಬಿಣದ ಚೌಕಟ್ಟೇ ಚಾಸಿ. ಅದರ ಎರಡೂ ಪಕ್ಕ ಬಾಡಿಯನ್ನು ಹೊರುವ ಕೈಗಳಿವೆ, ಔಟ್‌ರಿಗರ್ ಅಂತಾರೆ. ಬಲಗಡೆಯ ಮುಂದಿನ ಕೈ ತುಕ್ಕು ತಿಂದು ಹಪ್ಪಳ ಆಗಿತ್ತು. ಹೋದ ವರ್ಷ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಬಾಡಿಗೆ ಆಸರೆ ಕೊಡದೆ ಹಳೇ ಕೈ ಕತ್ತರಿಸಿ, ಅಂದಾಜಿನ ಮೇಲೆ ಹೊಸದನ್ನು ವೆಲ್ಡ್ ಮಾಡಿದರು. ಆವತ್ತಿನಿಂದ ಡ್ರೈವರ್ ಕಡೆ ಬಾಗಿಲನ್ನು ಮೇಲಕ್ಕೆ ಎತ್ತಿ ಹಾಕಿದರೆ ಮಾತ್ರ ಮುಚ್ಚುತ್ತದೆ. ಬಾಗಿಲ ಹಿಂದಿನ ಅಂಚಿನ ಸಂದು ಮೇಲೆ 3 ಮಿ.ಮೀ., ಕೆಳಗೆ 9 ಮಿ.ಮೀ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಬಾಡಿಯನ್ನೇ ಪೂರ್ತಿ ಎತ್ತಿ ಚಾಸಿಯನ್ನು ಸರಿ ಮಾಡೋಣ ಅಂತ ಯೋಚನೆ. ಮಾಡಿದವರು ಯಾರಾದರೂ ಇದ್ದೀರಾ?

ಹಳೇಗಾಡಿ_ಹುಬ್ಬಳ್ಳಿ

ಸ್ವಲ್ಪ ತಡೀರಿ. ಬಾಡಿ ಎತ್ತುವುದು ಕೊನೆಯ ದಾರಿ. ಬರೀ ಔಟ್‌ರಿಗರ್ ಹೋಗಿದ್ದರೆ ಎತ್ತಲೇಬೇಡಿ. ಬಾಡಿ ಕೂತಿರುವ ಹಾಗೇ ಒಂದೊಂದೇ ಕೈ ಕತ್ತರಿಸಿ, ಒಂದೊಂದೇ ಹೊಸದು ಹಾಕಿ. ಕೈ ಎಲ್ಲಿ, ಎಷ್ಟು ಎತ್ತರದಲ್ಲಿ ಇರಬೇಕು ಅಂತ ಬಾಡಿಯೇ ತೋರಿಸುತ್ತದೆ. ನಿಮ್ಮ ಗ್ಯಾರೇಜಿನವರು ತಪ್ಪಿದ್ದು ಅಲ್ಲೇ. ಬಾಡಿಗೆ ಕೆಳಗಿನಿಂದ ಜಾಕ್ ಕೊಟ್ಟು, ಬಾಗಿಲ ಸಂದು ಸರಿ ಮಾಡಿಕೊಂಡು, ಆಮೇಲೆ ವೆಲ್ಡ್ ಮಾಡಬೇಕಿತ್ತು.

ಮೊದಲು ಒಂದು ಕೆಲಸ ಮಾಡಿ. ಸಣ್ಣ ಸುತ್ತಿಗೆ ತಗೊಂಡು ಚಾಸಿಯ ಉದ್ದಕ್ಕೂ ಒಂದೊಂದು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ. ಕೊಳೆತಿದ್ದಲ್ಲಿ ಶಬ್ದವೇ ಸತ್ತ ಹಾಗೆ ಡಬ್ ಅನ್ನುತ್ತದೆ. ಅಂಥಾ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮುಖ್ಯವಾಗಿ ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಡಿದಿರುವ ಜಾಗ, ಅದರ ಮುಂದಿನ ಎರಡು ಉದ್ದ ತೊಲೆಗಳು.

ಹೆರಾಲ್ಡ್66, ಶಿವಮೊಗ್ಗ

ನಿನ್ನೆ ಸಂಜೆ ತಟ್ಟಿ ನೋಡಿದೆ. ಮುಂದಿನ ಅರ್ಧ ಚೆನ್ನಾಗಿದೆ. ಹಿಂದೆ ಎಡಗಡೆ ತೊಲೆ, ಡಿಫರೆನ್ಷಿಯಲ್‌ಗಿಂತ ಒಂದು ಗೇಣು ಮುಂದೆ, ಡಬ್ ಅಂತು. ಕೈಯನ್ನು ನೆಲಹಾಸಿನ ತಗಡಿಗೂ ತೊಲೆಗೂ ನಡುವೆ ತೂರಿಸಿ ಮೇಲಿನ ಮುಖವನ್ನು ಸ್ಕ್ರೂಡ್ರೈವರಿನಿಂದ ಒತ್ತಿದೆ. ಸೀದಾ ಒಳಗೆ ಹೋಯಿತು. ಹೊರಗೆ ಎಳೆದಾಗ ಅದರ ಜೊತೆ ಒದ್ದೆ ಕೆಂಪು ಮಣ್ಣು ಬಂತು. ಕಾರು ಮಳೆಗೆ ಹೋಗಿ ಆರು ತಿಂಗಳಾಗಿದೆ, ಮಣ್ಣು ಇನ್ನೂ ಒದ್ದೆ.

ತೊಲೆಯ ಮೇಲಿನ ಮುಖ ಬಾಡಿ ಇದ್ದರೆ ಕೈಗೆ ಸಿಗುವುದೇ ಇಲ್ಲ. ವೆಲ್ಡಿಂಗ್ ಗನ್ ಹೇಗೆ ಹೋಗಬೇಕು? ಹಾಗಾಗಿ ಎತ್ತಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ.

ಹಳೇಗಾಡಿ_ಹುಬ್ಬಳ್ಳಿ

ಹಂಗಿದ್ದರೆ ಎತ್ತಿರಿ. ನನ್ನ ಮಾತು ವಾಪಸ್. ತೊಲೆಗೆ ಕೆಳಗಿನಿಂದ ತೇಪೆ ಹಾಕಿ ಮೇಲ್ಗಡೆ ತುಕ್ಕು ಬಿಟ್ಟರೆ ಎರಡೇ ಮಳೆಗಾಲ.

ಅಂಬಾಸಡರ್_ಮನೆ, ತುಮಕೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಮಾರ್ಕ್ 2 ಅಂಬಾಸಡರ್. ಅದಕ್ಕೂ ಕೆಳಗೆ ತುಕ್ಕು. ಅದನ್ನೂ ಹೀಗೆ ಬಾಡಿ ಎತ್ತಿ ಮಾಡಬಹುದಾ?

ಹಳೇಗಾಡಿ_ಹುಬ್ಬಳ್ಳಿ

ಆಗುವುದಿಲ್ಲ. ಅಂಬಾಸಡರ್‌ಗೆ ಬೇರೆ ಚಾಸಿ ಅನ್ನುವುದೇ ಇಲ್ಲ. ಅದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಆಧಾರದ ಗಾಡಿ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ, ಕಂಬ ಎಲ್ಲಾ ಸೇರಿ ಒಂದೇ ಮೂಳೆ. ಪದ್ಮಿನಿಯೂ ಹಾಗೇ. ಅವುಗಳಲ್ಲಿ ಒಳಗಿನಿಂದ ಅಡ್ಡಪಟ್ಟಿ ಕೊಟ್ಟು, ಒಂದು ಪಕ್ಕ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು ಪಕ್ಕ ಕತ್ತರಿಸಬೇಕು. ಎರಡೂ ಪಕ್ಕ ಒಟ್ಟಿಗೆ ಕತ್ತರಿಸಿದರೆ ಗಾಡಿ ನಡುವೆ ಬಾಗುತ್ತದೆ.

ಹೆರಾಲ್ಡ್‌ದೇ ಬೇರೆ ಕಥೆ. 1950ರ ದಶಕದಲ್ಲಿ ಇಂಗ್ಲೆಂಡಿನ ಸಣ್ಣ ಕಾರುಗಳೆಲ್ಲ ಚಾಸಿ ಬಿಡುತ್ತಿದ್ದವು. ಆದರೆ ಹೆರಾಲ್ಡ್ ಮಾಡಿದ ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಂಪನಿಯನ್ನು 1953ರಲ್ಲಿ ಎದುರಾಳಿ ಕಾರು ಕಂಪನಿ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕೊಂಡುಕೊಂಡಿತು. ಇಡೀ ಬಾಡಿಯನ್ನು ಒಂದೇ ಕಡೆ ಒತ್ತಿ ಕೊಡುವವರು ಸಿಗಲಿಲ್ಲ. ಹಾಗಾಗಿ ಬಾಡಿಯನ್ನು ತುಂಡು ತುಂಡಾಗಿ ಮಾಡಿ, ಬೋಲ್ಟ್ ಹಾಕಿ, ಬೇರೆ ಚಾಸಿಯ ಮೇಲೆ ಕೂರಿಸಿದರು. ವಿನ್ಯಾಸದ ಚಿತ್ರ ಬರೆದವರು ಇಟಲಿಯ ಮಿಕೆಲೋಟಿ. 1959ರಲ್ಲಿ ಕಾರು ಬಂತು. ಬಿಡಿ ಭಾಗ ತಂದು ಜೋಡಿಸುವುದು ಸುಲಭ ಇದ್ದಿದ್ದರಿಂದ ನಮ್ಮ ಮದ್ರಾಸಿನಲ್ಲೂ ಬೇಗ ಶುರುವಾಯಿತು. ಮುಂದೆ ನಾಲ್ಕು ಬಾಗಿಲಿನ ಹೆರಾಲ್ಡ್ ಕೂಡ ಬಂತು. ಅದು ಇಂಗ್ಲೆಂಡಿನಲ್ಲಿ ಇರಲೇ ಇಲ್ಲ.

ಕರಾವಳಿ_ಜೀಪ್, ಕುಂದಾಪುರ

ನಾನು ಹೆರಾಲ್ಡ್ ಮಾಡಿಲ್ಲ. ಮಹೀಂದ್ರ ಸಿ.ಜೆ. 3ಬಿ ಜೀಪಿನ ಬಾಡಿ ಎರಡು ಸಲ ಎತ್ತಿದ್ದೇನೆ. ಉಪ್ಪು ಗಾಳಿಗೆ ನಮ್ಮಲ್ಲಿ ಬೇರೆ ದಾರಿ ಇಲ್ಲ.

ಎತ್ತುವುದು ಅರ್ಧ ಗಂಟೆಯ ಕೆಲಸ. ಬೋಲ್ಟ್ ಬಿಚ್ಚುವುದು ಒಂದು ವಾರದ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ. ಒಂದು ವಾರ ಮೊದಲೇ ಎಲ್ಲಾ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ. ದಿನಾ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿಚ್ಚುವಾಗ ಮೊದಲು ಸ್ವಲ್ಪ ಬಿಗಿ ಮಾಡಿ, ಕಟಕ್ ಅಂದ ಮೇಲೆ ಸಡಿಲ ಮಾಡಿ. ತಗಡಿಗೆ ಅಂಟಿಕೊಂಡ ನಟ್ಟು ಒಳಗೇ ತಿರುಗಲು ಶುರುವಾದರೆ ಜಗಳ ಆಡಬೇಡಿ. ಬೋಲ್ಟಿನ ತಲೆ ಕತ್ತರಿಸಿ.

ನನ್ನಿಂದ ಆದ ತಪ್ಪು ಒಂದು ಹೇಳುತ್ತೇನೆ. ಮೊದಲ ಸಲ ಸ್ಪೀಡೋಮೀಟರ್ ಕೇಬಲ್ ಬಿಚ್ಚಲು ಮರೆತಿದ್ದೆ. ಬಾಡಿ ಒಂದಡಿ ಮೇಲೆ ಹೋದ ಮೇಲೆ ಕೇಬಲ್ ಎಳೆದು, ಮೀಟರಿನ ಹಿಂಬದಿ ಕಿತ್ತು ಬಂತು. ಅಂಥಾ ಮೀಟರ್ ಮತ್ತೆ ಸಿಗಲಿಲ್ಲ. ಎತ್ತುವ ಮೊದಲು ಒಬ್ಬರು ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಲೇಬೇಕು. ಚಾಸಿಯಿಂದ ಬಾಡಿಗೆ ಹೋಗುವ ಏನೇ ಇರಲಿ, ವಯರ್, ಪೈಪ್, ಕೇಬಲ್, ಅರ್ಥ್ ಪಟ್ಟಿ, ಎಲ್ಲಾ ಬಿಟ್ಟಿರಬೇಕು.

ತಗಡು_ಮತ್ತು_ಕಿಡಿ, ದಾವಣಗೆರೆ

ನಾನು ಟಿಂಕರಿಂಗ್ ಕೆಲಸದವನು. ಮೂವತ್ತು ವರ್ಷ ಆಯಿತು. ಹೆರಾಲ್ಡ್66 ಅವರೇ, ನಿಮ್ಮ ಗಾಡಿಯಲ್ಲಿ ಒಂದು ಅಪಾಯ ಇದೆ. ಅದನ್ನು ಯಾರೂ ಹೇಳಲಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಬಾಡಿ ಎತ್ತುವ ಮೊದಲು ಬಾಗಿಲ ಬಾಯಿಗೆ ಅಡ್ಡ ಪೈಪ್ ಕಟ್ಟಬೇಕು ಅಂತ ಎಲ್ಲರಿಗೂ ಗೊತ್ತು. ಇಲ್ಲದಿದ್ದರೆ ಬಾಡಿ ಸೊಟ್ಟ ಆಗುತ್ತದೆ. ಹೆರಾಲ್ಡ್‌ನಲ್ಲಿ ಬಾಗಿಲ ಕೆಳಗಿನ ಪಟ್ಟಿ ಬರೀ ಬೋಲ್ಟ್ ಹಾಕಿದ ತಗಡು, ಅದಕ್ಕೆ ಹೊರುವ ಶಕ್ತಿ ಇಲ್ಲ. ಹಾಗಾಗಿ ಅಡ್ಡ ಪೈಪ್ ಇನ್ನೂ ಜಾಸ್ತಿ ಬೇಕು. ಆದರೆ ನಿಮ್ಮ ಬಾಡಿ ಈಗಲೇ ಸೊಟ್ಟ ಇದೆ ಅಲ್ವಾ? ಈಗ ಪೈಪ್ ಕಟ್ಟಿದರೆ ಏನಾಗುತ್ತದೆ? ಸೊಟ್ಟವನ್ನೇ ಗಟ್ಟಿಯಾಗಿ ಕಟ್ಟಿದ ಹಾಗೆ. ಆಮೇಲೆ ಚಾಸಿ ಎಷ್ಟು ನೇರ ಮಾಡಿದರೂ ಬಾಗಿಲು ಮುಚ್ಚುವುದಿಲ್ಲ.

ಹೀಗೆ ಮಾಡಿ. ಗಾಡಿಯನ್ನು ಗಟ್ಟಿ, ಮಟ್ಟದ ನೆಲದ ಮೇಲೆ ನಿಲ್ಲಿಸಿ. ಸ್ಟ್ಯಾಂಡ್ ಕೊಡುವುದು ಉದ್ದ ತೊಲೆಯ ಗಟ್ಟಿ ಜಾಗಕ್ಕೆ ಮಾತ್ರ, ಕೈಗಳ ಕೆಳಗೆ ಬೇಡ. ಆ ಗ್ಯಾರೇಜಿನವರು ಹಾಕಿದ ಕೈಯ ಬೋಲ್ಟ್ ಸಡಿಲ ಮಾಡಿ. ಬಲಗಡೆ ಮುಂದೆ ಬಾಡಿಯ ಕೆಳಗೆ ಮರದ ತುಂಡು ಇಟ್ಟು ಜಾಕಿನಿಂದ ಒಂದೊಂದೇ ಮಿ.ಮೀ. ಎತ್ತಿ. ಪ್ರತಿ ಸಲ ಬಾಗಿಲು ಮುಚ್ಚಿ ನೋಡಿ. ಸಂದು ಮೇಲೂ ಕೆಳಗೂ ಒಂದೇ ಆದಾಗ ನಿಲ್ಲಿಸಿ. ಆಗ ಅಡ್ಡ ಪೈಪ್ ಕಟ್ಟಿ. ಒಂದು ಇಂಚಿನ ಚೌಕ ಪೈಪ್ ಸಾಕು. ಕೀಲಿನ ಕಂಬದಿಂದ ಹಿಂದಿನ ಕಂಬಕ್ಕೆ ಒಂದು, ಮೂಲೆಯಿಂದ ಮೂಲೆಗೆ ಒಂದು, ಎಡದಿಂದ ಬಲಕ್ಕೆ ಎರಡು. ಎಲ್ಲವೂ ಬಾಗಿಲಿಗಿಂತ ಒಳಗಡೆ ಬರಲಿ. ಪೈಪ್ ಇರುವಾಗಲೂ ಬಾಗಿಲು ಮುಚ್ಚುವ ಹಾಗಿರಬೇಕು. ಯಾಕೆ ಅಂತ ವೆಲ್ಡಿಂಗ್ ಸಮಯದಲ್ಲಿ ಗೊತ್ತಾಗುತ್ತದೆ.

ಬಾಡಿಗೂ ಚಾಸಿಗೂ ನಡುವೆ ಪ್ರತಿ ಬೋಲ್ಟಿನ ಹತ್ತಿರ ರಬ್ಬರ್ ಅಥವಾ ತೆಳು ಪಟ್ಟಿಗಳು ಇರುತ್ತವೆ. ಅವು ಕಸ ಅಲ್ಲ. ಬಾಗಿಲ ಸಂದು ನಿಂತಿರುವುದೇ ಅವುಗಳ ದಪ್ಪದ ಮೇಲೆ. ಯಾವ ಬೋಲ್ಟಿನ ಕೆಳಗೆ ಎಷ್ಟು ಪಟ್ಟಿ ಇತ್ತು ಅಂತ ಬರೆದು, ಆ ಪಟ್ಟಿಗಳನ್ನು ಅದೇ ಬೋಲ್ಟಿಗೆ ತಂತಿಯಿಂದ ಕಟ್ಟಿಡಿ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ಇಲ್ಲಿ ಹೆರಾಲ್ಡ್ ಮಾಲೀಕರು ಇನ್ನೂ ತುಂಬಾ ಜನ ಇದ್ದಾರೆ. ನನ್ನದು ಟ್ರಯಂಫ್ ಹೆರಾಲ್ಡ್ 13/60. ದಾವಣಗೆರೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸೇರಿಸುವುದು ನಾಲ್ಕು ವಿಷಯ.

ಪಾನಾ. ಈ ಗಾಡಿಯ ಬೋಲ್ಟುಗಳು ಮಿಲಿಮೀಟರ್ ಲೆಕ್ಕದವಲ್ಲ, ಹೆಚ್ಚಿನವು ಯು.ಎನ್.ಎಫ್., ಅಂದರೆ ಇಂಚಿನ ಲೆಕ್ಕದವು. 5/16 ಬೋಲ್ಟಿಗೆ ಅರ್ಧ ಇಂಚಿನ ಪಾನಾ, 3/8 ಬೋಲ್ಟಿಗೆ 9/16 ಪಾನಾ. 13 ನಂಬರ್ ಪಾನಾ ಅರ್ಧ ಇಂಚಿಗೆ ಕೂತ ಹಾಗೆ ಅನ್ನಿಸುತ್ತದೆ. ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಅದೇ ತಿಂದು ಹಾಕುವುದು.

ಹಿಂದಿನ ಅಡ್ಡ ಪಟ್ಟಾ ಸ್ಪ್ರಿಂಗ್. ಚಕ್ರ ಗಾಳಿಯಲ್ಲಿದ್ದರೂ ಅದರಲ್ಲಿ ಬಿಗಿ ಇರುತ್ತದೆ. ಚಾಸಿ ಖಾಲಿ ಮಾಡುವಾಗ ಸುಮ್ನೆ ಬೋಲ್ಟ್ ಬಿಚ್ಚಲು ಹೋಗಬೇಡಿ. ಸ್ಪ್ರಿಂಗಿಗೆ ಕೆಳಗಿನಿಂದ ಜಾಕ್ ಆಸರೆ ಕೊಟ್ಟು, ತಿಳಿದವರನ್ನು ಪಕ್ಕದಲ್ಲಿ ಇಟ್ಟುಕೊಂಡು ಮಾಡಿ.

ಮುಂದಿನ ಚಕ್ರದ ಕೆಳಗಿನ ಟ್ರನಿಯನ್, ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು. ಚಾಸಿ ಕೈಗೆ ಸಿಕ್ಕಾಗ ಅದನ್ನೂ ನೋಡಿ. ಅದಕ್ಕೆ ಗ್ರೀಸ್ ಅಲ್ಲ, ಇ.ಪಿ. 90 ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಹಾಕಿದರೆ ಒಳಗೆ ಗಟ್ಟಿಯಾಗಿ, ಬೋಲ್ಟಿನಲ್ಲಿರುವಂಥ ಮರೆಯ ಸುತ್ತುಗಳು ಒಣಗಿ ತುಕ್ಕು ಹಿಡಿದು, ಒಂದು ದಿನ ಓಡುವಾಗಲೇ ಮುರಿದು ಚಕ್ರ ಮಡಚಿಕೊಳ್ಳುತ್ತದೆ.

ಔಟ್‌ರಿಗರ್‌ಗಳು ಇಲ್ಲಿ ಹೊಸದಾಗಿ ಮಾಡಿ ಮಾರುತ್ತಾರೆ. ತರಿಸುವ ಮೊದಲು ನಿಮ್ಮ ಹಳೆಯದರ ಅಳತೆ ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಳ್ಳಿ.

ಹೆರಾಲ್ಡ್66, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಬರೆಯಲಿಲ್ಲ, ಕೆಲಸ ನಡೆದಿತ್ತು. ಮೊನ್ನೆ ಭಾನುವಾರ ಬಾಡಿ ಎತ್ತಿದೆವು.

ಮೊದಲು ಸಂದು. ದಾವಣಗೆರೆಯವರು ಹೇಳಿದ ಹಾಗೆ ಜಾಕ್ ಕೊಟ್ಟೆ. ಅಳೆಯಲು ಎರಡು ಐದು ರೂಪಾಯಿ ನಾಣ್ಯ ಅಂಟಿಸಿ ಇಟ್ಟುಕೊಂಡಿದ್ದೆ. ಆ ಜೋಡಿ ನಾಣ್ಯ ಸಂದಿನಲ್ಲಿ ಮೇಲಿನಿಂದ ಕೆಳಗೆ ಎಲ್ಲೂ ಸಿಕ್ಕದೆ ಜಾರಬೇಕು, ಅದೇ ಲೆಕ್ಕ. ಬಲಗಡೆ ಬಾಡಿ 11 ಮಿ.ಮೀ. ಮೇಲೆ ಬಂದ ಮೇಲೆ ನಾಣ್ಯ ಜಾರಿತು. ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದೆ. ಕ್ಲಿಕ್ ಅಂತ ಮುಚ್ಚಿಕೊಂಡಿತು. ವರ್ಷದ ಮೇಲೆ ಆ ಶಬ್ದ ಕೇಳಿ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಪೈಪ್ ಕಟ್ಟಿದೆವು.

ಬಿಚ್ಚುವ ಕೆಲಸ ಐದು ಸಂಜೆ ಹಿಡಿಯಿತು. ಬ್ಯಾಟರಿ, ಆಮೇಲೆ ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ ಡಿಕ್ಕಿಯಿಂದ ಹೊರಗೆ. ಬಾನೆಟ್ ಮುಂದಕ್ಕೆ ತೆರೆಯುವಂಥದ್ದು, ದೀಪದ ವಯರ್ ಬಿಟ್ಟು ಇಬ್ಬರು ಹಿಡಿದು ಪೂರ್ತಿ ತೆಗೆದೆವು. ಸೀಟು, ಗೇರ್‌ಬಾಕ್ಸ್ ಮೇಲಿನ ಮುಚ್ಚಳ, ಗೇರ್ ಲಿವರ್. ಸ್ಟಿಯರಿಂಗ್ ರಾಡಿನ ಕೆಳಗಿನ ಜೋಡಣೆ. ಬ್ರೇಕ್, ಕ್ಲಚ್ ಮಾಸ್ಟರ್ ಸಿಲಿಂಡರ್ ಎಂಜಿನ್ ಹಿಂದಿನ ಬಾಡಿಯ ಗೋಡೆಯ ಮೇಲೇ ಇರುವುದರಿಂದ ಎರಡೂ ಪೈಪ್ ಬಿಡಬೇಕಾಯಿತು. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬೀಳದ ಹಾಗೆ ಹಳೇ ಪಂಚೆ ಸುತ್ತಿದ್ದೆ. ಹ್ಯಾಂಡ್‌ಬ್ರೇಕ್ ಕೇಬಲ್, ಚೋಕ್, ಆಕ್ಸಿಲರೇಟರ್, ಸ್ಪೀಡೋಮೀಟರ್. ಗಾಜುಗಳನ್ನು ತೆಗೆದು ಮೇಲ್ಛಾವಣಿಯ ಬೋಲ್ಟ್ ಬಿಚ್ಚಿ ಅದನ್ನೂ ಇಳಿಸಿದೆವು. ಭಾರ ತುಂಬಾ ಕಮ್ಮಿ ಆಯಿತು.

ಎತ್ತುವ ದಿನ ಆರು ಜನ ಇದ್ದೆವು. ಕುಂದಾಪುರದವರ ಮಾತು ನೆನಪಿಟ್ಟು ನನ್ನ ತಮ್ಮ ಟಾರ್ಚ್ ಹಿಡಿದು ಕೆಳಗೆ ಮಲಗಿದ. ಎಂಜಿನ್ ಮತ್ತು ಗೋಡೆ ನಡುವೆ ಒಂದು ಅರ್ಥ್ ಪಟ್ಟಿ ಉಳಿದಿತ್ತು! ಎಣ್ಣೆ, ಧೂಳಿನಲ್ಲಿ ಮುಚ್ಚಿಹೋಗಿತ್ತು. ಅದನ್ನು ಬಿಚ್ಚಿ, ಮುಂದೆ ಇಬ್ಬರು, ನಡುವೆ ಇಬ್ಬರು, ಹಿಂದೆ ಇಬ್ಬರು ನಿಂತು ಮೊದಲು ಬರೀ ನಾಲ್ಕು ಬೆರಳು ಎತ್ತಿ ನಿಲ್ಲಿಸಿದೆವು. ಹಿಂದಿನ ಎಡಮೂಲೆ ಅಂಟಿಕೊಂಡಿತ್ತು. ಹಳೇ ರಬ್ಬರ್ ಕರಗಿ ಎರಡನ್ನೂ ಹಿಡಿದುಕೊಂಡಿತ್ತು. ಚಾಕು ಹಾಕಿ ಬಿಡಿಸಿದೆವು. ಆಮೇಲೆ ಸೊಂಟದ ಎತ್ತರಕ್ಕೆ ಎತ್ತಿ ಕೆಳಗೆ ಅಡಿಕೆ ಮರದ ಅಡ್ಡೆ ಕೊಟ್ಟೆವು. ಚಾಸಿಗೆ ಚಕ್ರ ಇತ್ತಲ್ಲ, ಮುಂದಕ್ಕೆ ತಳ್ಳಿದರೆ ಹೊರಗೆ ಬಂತು.

ತೊಲೆಯ ಮೇಲೆ, ಬಾಡಿ ಮುಚ್ಚಿಕೊಂಡಿದ್ದ ಜಾಗದಲ್ಲಿ, ಎರಡು ಬೊಗಸೆ ಕೆಂಪು ಮಣ್ಣು ಇತ್ತು. ಅದರಲ್ಲಿ ಅಡಿಕೆ ಸಿಪ್ಪೆ, ಒಂದು ಕಣಜದ ಗೂಡು. ಅಷ್ಟು ವರ್ಷ ನೀರು ಹಿಡಿದಿಟ್ಟಿದ್ದು ಆ ಮಣ್ಣೇ. ಅದರ ಕೆಳಗೆ ನನ್ನ ಅಂಗೈ ಅಗಲದ ತೂತು.

ವಿಂಟೇಜ್_ಕಾಗದ, ಬೆಂಗಳೂರು

ಅಭಿನಂದನೆ! ವೆಲ್ಡಿಂಗ್ ಶುರು ಮಾಡುವ ಮೊದಲು ಒಂದು ಮಾತು. ಚಾಸಿ ನಂಬರಿನ ಫೋಟೊ ತೆಗೆದಿದ್ದೀರಾ? ಹೆರಾಲ್ಡ್‌ನಲ್ಲಿ ಆ ಚಾಸಿ ನಂಬರಿನ ಪ್ಲೇಟು ಎಂಜಿನ್ ಹಿಂದಿನ ಗೋಡೆಯ ಮೇಲೆ ಇರುತ್ತದೆ. ಪೇಂಟ್ ಮಾಡುವವರು ಅದನ್ನು ಕಿತ್ತು ಎಲ್ಲೋ ಹಾಕುತ್ತಾರೆ. ಮುಚ್ಚಿ ಪೇಂಟ್ ಮಾಡಲು ಹೇಳಿ, ಕೀಳಲು ಬಿಡಬೇಡಿ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ವಿ.ಎ. ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾವಣೆ ಆಗಿರಬಾರದು ಅನ್ನುತ್ತದೆ ನಿಯಮ. ಹಾಗಾಗಿ ಕೊಳೆತ ಜಾಗವನ್ನು ಅದೇ ಆಕಾರದಲ್ಲಿ ರಿಪೇರಿ ಮಾಡಿ. ಬೇರೆ ಗಾಡಿಯ ಚಾಸಿ ತಂದು ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಇನ್ನೊಂದು, ಆ ನೋಂದಣಿ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಅಷ್ಟಕ್ಕೇ. ದಿನಾ ಓಡಿಸುವ ಆಸೆ ಇದ್ದರೆ ಈಗಿರುವ ಆರ್.ಸಿ.ಯನ್ನೇ ನವೀಕರಿಸಿಕೊಳ್ಳಿ.

ಹೆರಾಲ್ಡ್66, ಶಿವಮೊಗ್ಗ

ಫೋಟೊ ತೆಗೆದಿದ್ದೇನೆ. ಪ್ಲೇಟು ಮುಟ್ಟಿಲ್ಲ. ನಾನು ಇದನ್ನು ಓಡಿಸಲೇ ಬೇಕು, ಹಾಗಾಗಿ ಹಳೇ ಆರ್.ಸಿ. ಸಾಕು.

ತಗಡು_ಮತ್ತು_ಕಿಡಿ, ದಾವಣಗೆರೆ

ಈಗ ಚಾಸಿಯ ಮೂಲೆಯಿಂದ ಮೂಲೆಗೆ ಅಳತೆ ತಗೊಳ್ಳಿ. ಮುಂದಿನ ಸಸ್ಪೆನ್ಷನ್ ಬೋಲ್ಟಿನಿಂದ ಹಿಂದಿನ ಎದುರು ಬದಿಯ ಬೋಲ್ಟಿಗೆ, ಎರಡೂ ಕಡೆ. ತೂಗುಗುಂಡು ಬಿಟ್ಟು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಿ ಅಳೆದರೆ ಸುಲಭ. ಎರಡೂ ಅಳತೆ ಒಂದೇ ಬರಬೇಕು. 3 ಮಿ.ಮೀ. ಒಳಗಿದ್ದರೆ ನಾನು ಬಿಡುತ್ತೇನೆ.

ವೆಲ್ಡಿಂಗ್ ಒಂದೇ ಉಸಿರಿಗೆ ಎಳೆಯಬೇಡಿ. ಒಂದು ಇಂಚು ಇಲ್ಲಿ, ಒಂದು ಇಂಚು ಎದುರು ಬದಿ. ಬಿಸಿ ಒಂದೇ ಕಡೆ ಆದರೆ ತೊಲೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಔಟ್‌ರಿಗರ್‌ಗಳಿಗೆ ಬರೀ ಚುಕ್ಕೆ ವೆಲ್ಡ್ ಹಾಕಿ. ಪೂರ್ತಿ ಮಾಡಬೇಡಿ. ಆಮೇಲೆ ಬಾಡಿಯನ್ನು ಮತ್ತೆ ಇಳಿಸಿ, ಪಟ್ಟಿಗಳನ್ನು ಹಾಕಿ, ಬಾಗಿಲು ಮುಚ್ಚಿ ನೋಡಿ. ಪೈಪ್ ಒಳಗಡೆ ಕಟ್ಟಿ ಅಂದಿದ್ದು ಇದಕ್ಕೇ. ಸರಿ ಇದ್ದರೆ ಮತ್ತೆ ಎತ್ತಿ ಪೂರ್ತಿ ವೆಲ್ಡ್ ಮಾಡಿ. ಎರಡು ಸಲ ಎತ್ತಲು ಬೇಜಾರು ಮಾಡಿಕೊಂಡವರೇ ಆಮೇಲೆ ಜೀವನ ಪೂರ್ತಿ ಬಾಗಿಲು ಎತ್ತಿ ಹಾಕುತ್ತಾರೆ.

ಹೆರಾಲ್ಡ್66, ಶಿವಮೊಗ್ಗ

ಎರಡಲ್ಲ, ಮೂರು ಸಲ ಎತ್ತಿದೆವು.

ಮೂಲೆ ಅಳತೆಯಲ್ಲಿ 2 ಮಿ.ಮೀ. ವ್ಯತ್ಯಾಸ ಬಂತು. ತೊಲೆಯ ಕೊಳೆತ ಭಾಗ ಕತ್ತರಿಸಿ 1.6 ಮಿ.ಮೀ. ತಗಡಿನಲ್ಲಿ ಅದೇ ಆಕಾರ ಮಡಿಸಿ ಹಾಕಿದೆವು. ನಾಲ್ಕು ಕೈಗಳಿಗೆ ಚುಕ್ಕೆ ವೆಲ್ಡ್. ಬಾಡಿ ಇಳಿಸಿದರೆ ಬಲ ಬಾಗಿಲು ಸರಿ, ಎಡ ಬಾಗಿಲ ಕೆಳಗೆ ನಾಣ್ಯ ಸಿಕ್ಕಿಕೊಂಡಿತು. ಎಡ ಮುಂದಿನ ಕೈ 4 ಮಿ.ಮೀ. ಎತ್ತರ ಆಗಿತ್ತು. ಚುಕ್ಕೆ ಬಿಡಿಸಿ, ಇಳಿಸಿ, ಮತ್ತೆ ನೋಡಿದೆವು. ಎರಡೂ ಕಡೆ ನಾಣ್ಯ ಜಾರಿತು. ಪೂರ್ತಿ ವೆಲ್ಡ್ ಮಾಡಿದ ಮೇಲೆ ಜಿಂಕ್ ಪ್ರೈಮರ್, ಕಪ್ಪು ಪೇಂಟ್. ತೊಲೆಯ ಒಳಗೆ ಉದ್ದ ಪೈಪಿನಿಂದ ಮೇಣದ ಸ್ಪ್ರೇ. ನೀರು ಹೋಗುವ ತೂತುಗಳನ್ನು ತಂತಿ ಹಾಕಿ ತೆರೆದಿಟ್ಟೆ.

ಬಾಡಿ ಕೂರಿಸಿ ವಯರ್ ಎಲ್ಲಾ ಕೊಟ್ಟ ಮೇಲೆ ಒಂದು ತಲೆನೋವು. ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಮಂಕಾಗಿ ಮಿನುಗುತ್ತಿದ್ದವು. ಇದು ಯಾಕೆ?

ಕರಾವಳಿ_ಜೀಪ್, ಕುಂದಾಪುರ

ಅರ್ಥ್. ಹೊಸ ಪೇಂಟ್ ಎಲ್ಲಾ ಕಡೆ ಮುಚ್ಚಿದೆ, ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲ. ಅರ್ಥ್ ಪಟ್ಟಿ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಹೊಳೆಯುವ ಕಬ್ಬಿಣ ಮಾಡಿ, ಬೋಲ್ಟ್ ಹಾಕಿ, ಮೇಲಿನಿಂದ ವ್ಯಾಸಲೀನ್ ಹಚ್ಚಿ. ಚಾಸಿಯಿಂದ ಬಾಡಿಗೆ ಹೊಸ ಪಟ್ಟಿ ಒಂದು ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು.

ಹೆರಾಲ್ಡ್66, ಶಿವಮೊಗ್ಗ

ಕೆರೆದೆ, ಸರಿಯಾಯಿತು. ಎಂಜಿನ್ ಹತ್ತಿರದ ಅದೇ ಪಟ್ಟಿ!

ಬಾಡಿಗೆ ಪೇಂಟ್ ಯಾವಾಗ ಮಾಡಿಸಲಿ? ಪೇಂಟರ್ ಮುಂದಿನ ವಾರವೇ ಬನ್ನಿ ಅಂತಿದ್ದಾರೆ.

ತಗಡು_ಮತ್ತು_ಕಿಡಿ, ದಾವಣಗೆರೆ

ಈಗಲೇ ಬೇಡ. ಹೊಸ ರಬ್ಬರ್ ಕೂರಬೇಕು. ನೂರು ಕಿ.ಮೀ. ಆದರೂ ಓಡಿಸಿ, ಘಾಟಿ ರಸ್ತೆ ಇದ್ದರೆ ಇನ್ನೂ ಒಳ್ಳೆಯದು. ವಾಪಸ್ ಬಂದು ಬಾಡಿಯ ಎಲ್ಲಾ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ, ನಾಣ್ಯ ಜಾರಿಸಿ ನೋಡಿ. ಆಮೇಲೆ ಪೇಂಟರ್ ಹತ್ತಿರ ಹೋಗಿ.

ಹೆರಾಲ್ಡ್66, ಶಿವಮೊಗ್ಗ

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಗೆ ಹೊರಡುತ್ತೇನೆ. ಹೋಗಿ ಬಂದರೆ ನೂರರ ಮೇಲೆ ಆಗುತ್ತದೆ. ಕಾರು ಕೊಟ್ಟ ಮನೆಯವರಿಗೂ ಒಂದು ಸಲ ತೋರಿಸಬೇಕು. ನಾಣ್ಯದ ಜೋಡಿ ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿದ್ದೇನೆ. ಬಂದ ಮೇಲೆ ಅಳತೆ ಹಾಕುತ್ತೇನೆ.